ಬಾರ್ ಬಾಗಿಲಿಗೆ ಬರುವ ಮುಂಚಿನ ನಿರ್ಧಾರಗಳು

ಕುಡಿತ ಬಿಟ್ಟು ಎರಡು ತಿಂಗಳು ಚೆನ್ನಾಗಿದ್ದವರು ಮತ್ತೆ ಯಾಕೆ ಶುರು ಮಾಡುತ್ತಾರೆ? "ಮನಸ್ಸು ಗಟ್ಟಿ ಇಲ್ಲ" ಅಂತ ಮನೆಯವರು ಹೇಳಿಬಿಡುತ್ತಾರೆ. ಮನಶ್ಶಾಸ್ತ್ರದ ಪರೀಕ್ಷೆಯಲ್ಲಿ ನಾವು ಹಾಗೆ ಬರೆದರೆ ಮಾರ್ಕ್ಸ್ ಸಿಗಲ್ಲ.

ಮೊದಲು ಇಸ್ಪೀಟಿನಂಥ ಒಂದು ಆಟ ನೋಡಿ. ಅಮೆರಿಕದ ಅಯೋವಾದಲ್ಲಿ ಮಿದುಳಿನ ಸಂಶೋಧಕರಾದ ಬೆಚಾರ, ಡಮಾಸಿಯೊ ಮತ್ತು ಜೊತೆಗಾರರು 1994ರಲ್ಲಿ ಇದನ್ನು ಪ್ರಕಟಿಸಿದರು. ನಾಲ್ಕು ಕಟ್ಟು ಎಲೆ. ಎರಡು ಕಟ್ಟಿನಲ್ಲಿ ಎಲೆಗೆ 100 ಡಾಲರ್ ಸಿಗುತ್ತದೆ, ಆದರೆ ನಡುನಡುವೆ ಭಾರೀ ದಂಡ. 10 ಎಲೆ ಎತ್ತುವಷ್ಟರಲ್ಲಿ ಒಟ್ಟಾರೆ 250 ಕೈಬಿಟ್ಟಿರುತ್ತದೆ. ಇನ್ನೆರಡರಲ್ಲಿ ಎಲೆಗೆ ಬರೀ 50, ದಂಡವೂ ಸಣ್ಣದು. 10 ಎಲೆಗೆ 250 ಉಳಿಯುತ್ತದೆ. ದುಡ್ಡು ಆಟದ್ದೇ ಬಿಡಿ. ಆರೋಗ್ಯವಾಗಿರುವವರು ಒಂದಷ್ಟು ಸೋತ ಮೇಲೆ 50ರ ಕಟ್ಟಿಗೆ ಬರುತ್ತಾರೆ. ಮಿದುಳಿನ ಮುಂಭಾಗದ ಕೆಳಗಡೆ ಪೆಟ್ಟಾದವರು 100ರ ಕಟ್ಟನ್ನೇ ಎತ್ತುತ್ತಿದ್ದರು. ಆಮೇಲೆ ಚಟಕ್ಕೆ ಬಿದ್ದವರಿಗೆ ಆಡಿಸಿದಾಗ, ಎಲ್ಲರೂ ಅಲ್ಲದಿದ್ದರೂ, ಹಲವರು ಹಾಗೇ ಆಡಿದರು. ಈಗಿನ ಲಾಭ ಕಣ್ಣಿಗೆ ದೊಡ್ಡದು, ಆಮೇಲಿನ ನಷ್ಟ ಮಸುಕು.

ನನಗೆ ಇದಕ್ಕಿಂತ ಜಾಸ್ತಿ ಹಿಡಿಸಿದ್ದು ಚಟಗಳ ಮೇಲೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಹೇಳಿದ ವಿಷಯ: ಮೇಲ್ನೋಟಕ್ಕೆ ಕುಡಿತಕ್ಕೆ ಸಂಬಂಧವೇ ಇಲ್ಲದ ನಿರ್ಧಾರಗಳು. ಒಬ್ಬ ಗಾರೆ ಕೆಲಸದವನನ್ನು ಊಹಿಸಿಕೊಳ್ಳಿ. ಶನಿವಾರ, ಬಟವಾಡೆ ದಿನ. ಕೆಲಸ ಬೇಗ ಮುಗಿಯಲಿ ಅಂತ ಮಧ್ಯಾಹ್ನ ಊಟ ಬಿಟ್ಟ. ದುಡ್ಡನ್ನು ಕೈಗೇ ಇಸ್ಕೊಂಡ. ಬೀಡಿ ತಗೋಬೇಕು ಅಂತ ಒಂದು ಸ್ಟಾಪ್ ಮುಂಚೆ ಇಳಿದ. ಬೀಡಿ ಅಂಗಡಿ ಪಕ್ಕದಲ್ಲೇ ಬಾರ್, ಅಲ್ಲಿ ಹಳೇ ಗೆಳೆಯ. "ಒಂದೇ ಕ್ವಾರ್ಟರ್ ಕಣೋ." ಇಲ್ಲಿ ನಿಂತು "ಬೇಡ" ಅನ್ನುವುದು ಎಷ್ಟು ಕಷ್ಟ, ಅಲ್ವಾ? ಊಟದ ಹೊತ್ತಿಗೆ ಅದು ಸುಲಭವಿತ್ತು.

ಆದ್ದರಿಂದ ಮಾಡಿಸುವ ಅಭ್ಯಾಸ ಕೊನೆಯಿಂದ ಹಿಂದಕ್ಕೆ. ಕುಡಿದ ಜಾಗದಿಂದ ಒಂದೊಂದೇ ಹೆಜ್ಜೆ ಹಿಂದೆ ಹೋಗಿ ಬರೆಯುವುದು. ಆಮೇಲೆ ಪ್ರತಿ ಹೆಜ್ಜೆಗೂ "ಹೀಗಾದರೆ ಹೀಗೆ ಮಾಡ್ತೀನಿ" ಅಂತ ಮೊದಲೇ ಗೊತ್ತು ಮಾಡಿಕೊಳ್ಳುವುದು. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ ಇಂಥ ಯೋಜನೆಗಳ ಮೇಲೆ ತುಂಬ ಕೆಲಸ ಮಾಡಿದ್ದಾರೆ. "ನಾನು ಕುಡಿಯಲ್ಲ" ಅನ್ನುವುದು ಯೋಜನೆ ಅಲ್ಲ. "ಬಟವಾಡೆ ಆದ ಕೂಡಲೇ ಹೆಂಡತಿಗೆ ಫೋನ್ ಮಾಡ್ತೀನಿ, ಮನೆ ಮುಂದಿನ ಸ್ಟಾಪಲ್ಲೇ ಇಳೀತೀನಿ" ಅನ್ನುವುದು ಯೋಜನೆ. ಹಸಿವು, ಸಿಟ್ಟು, ಒಂಟಿತನ, ಸುಸ್ತು: ಈ ನಾಲ್ಕರಲ್ಲಿ ಯಾವುದಿದ್ದರೂ ಮೊದಲು ಅದನ್ನು ನೋಡಿಕೊಳ್ಳಬೇಕು.

ಮನೆಯವರು ಒಂದು ತಪ್ಪು ಮಾಡುತ್ತಾರೆ. ಕುಡಿತ ಬಿಟ್ಟವನ ಎಲ್ಲ ನಿರ್ಧಾರ ತಾವೇ ತಗೊಳ್ಳುತ್ತಾರೆ. ಜಮೀನು ಮಾರುವಂಥ ದೊಡ್ಡ ವಿಷಯ ಮುಂದಕ್ಕೆ ಹಾಕಿದರೆ ಸರಿ. ಸಂತೆಗೆ ಹೋಗಿ 200 ರೂಪಾಯಿಗೆ ಏನು ತರಬೇಕು ಅನ್ನುವುದನ್ನಾದರೂ ಅವನಿಗೆ ಬಿಡಬೇಕಲ್ಲ!

ಮರೆಯಬಾರದ್ದು: ದಿನಾ ವಿಪರೀತ ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಡಾಕ್ಟರ್ ನೋಡಲೇಬೇಕು. ಯಾರನ್ನು ಕೇಳುವುದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಈ ಹಿಂದೆ ಹೋಗುವ ಲೆಕ್ಕವನ್ನು ಸುಮ್ನೆ ನನ್ನ ಮೊಬೈಲ್ ಚಟಕ್ಕೇ ಹಾಕಿ ನೋಡಿದೆ. ರಾತ್ರಿ 1 ಗಂಟೆಯ ರೀಲ್ಸ್‌ನಿಂದ ಹಿಂದೆ ಹಿಂದೆ ಹೋದರೆ ಸಿಕ್ಕಿದ್ದು ಹಾಸಿಗೆ ಪಕ್ಕದ ಚಾರ್ಜರ್.