ಡ್ರೆ ಇಲ್ಲದ ಸ್ನೂಪ್: ‘ದ ಡಾಗ್‌ಫಾದರ್’ ಕುರಿತ ಭಿನ್ನಾಭಿಪ್ರಾಯದ ಹಿನ್ನೆಲೆ

1996ರ ನವೆಂಬರ್ ಒಂದೇ ತಿಂಗಳಲ್ಲಿ, ಬೀದಿ ಗ್ಯಾಂಗುಗಳ ಬದುಕನ್ನು ಹಾಡಾಗಿಸುವ ಲಾಸ್ ಏಂಜಲೀಸ್‌ನ ಗ್ಯಾಂಗ್‌ಸ್ಟಾ ರ‍್ಯಾಪ್ ಲೋಕದಿಂದ ಮೂರು ದೊಡ್ಡ ಆಲ್ಬಮ್‌ಗಳು ಒಂದರ ಹಿಂದೊಂದು ಹೊರಬಂದವು. 5ನೇ ತಾರೀಖು ಬಂದದ್ದು ಟುಪಾಕ್ ಶಕೂರ್ ‘ಮಕಾವೆಲಿ’ ಎಂಬ ಹೆಸರಿನಲ್ಲಿ ಮಾಡಿಟ್ಟಿದ್ದ ಆಲ್ಬಮ್. ಅಷ್ಟರಲ್ಲಿ ಅವರು ಗುಂಡೇಟಿಗೆ ಬಲಿಯಾಗಿ ಸುಮಾರು ಎರಡು ತಿಂಗಳಾಗಿತ್ತು. 12ನೇ ತಾರೀಖು ಸ್ನೂಪ್ ಡಾಗಿ ಡಾಗ್ ಅವರ ಎರಡನೆಯ ಆಲ್ಬಮ್ ‘ದ ಡಾಗ್‌ಫಾದರ್’ ಬಂತು. 26ನೇ ತಾರೀಖು, ಸ್ನೂಪ್ ಅವರ ಮೊದಲ ಆಲ್ಬಮ್ಮಿಗೆ ಸಂಗೀತ ಕಟ್ಟಿದ್ದ ಡಾಕ್ಟರ್ ಡ್ರೆ ತಮ್ಮ ಹೊಸ ಕಂಪನಿ ಆಫ್ಟರ್‌ಮ್ಯಾತ್‌ನ ಕಲಾವಿದರನ್ನೆಲ್ಲ ಸೇರಿಸಿ ಒಂದು ಸಂಕಲನವನ್ನು ಬಿಡುಗಡೆ ಮಾಡಿದರು. ಆ ವರ್ಷದ ಆರಂಭದಲ್ಲಿ ಈ ಮೂವರೂ ಡೆತ್ ರೋ ರೆಕಾರ್ಡ್ಸ್ ಎಂಬ ಒಂದೇ ಕಂಪನಿಯಲ್ಲಿದ್ದರು. ನವೆಂಬರ್ ಹೊತ್ತಿಗೆ ಒಬ್ಬರು ಸತ್ತಿದ್ದರು, ಒಬ್ಬರು ಬಿಟ್ಟು ಹೋಗಿದ್ದರು, ಒಬ್ಬರು ಮಾತ್ರ ಉಳಿದಿದ್ದರು. ಹಾಗೆ ಉಳಿದ ಸ್ನೂಪ್, ಡ್ರೆ ಇಲ್ಲದೆ ಮಾಡಿದ ಆಲ್ಬಮ್ ಮೊದಲನೆಯದಕ್ಕೆ ಸಾಟಿಯೇ ಎಂದು ಅಂದು ಎದ್ದ ಚರ್ಚೆ ಇನ್ನೂ ಮುಗಿದಿಲ್ಲ.

ಚರ್ಚೆ ಅರ್ಥವಾಗಬೇಕಾದರೆ ಮೊದಲ ಆಲ್ಬಮ್ಮು ಎಷ್ಟು ಎತ್ತರದಲ್ಲಿ ನಿಂತಿತ್ತು ಎಂಬುದು ಗೊತ್ತಿರಬೇಕು. 1971ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಹುಟ್ಟಿದ ಸ್ನೂಪ್, ವಾರನ್ ಜಿ ಮತ್ತು ನೇಟ್ ಡಾಗ್ ಎಂಬ ಗೆಳೆಯರೊಂದಿಗೆ ‘213’ ಎಂಬ ತಂಡ ಕಟ್ಟಿಕೊಂಡು ಮನೆಯಲ್ಲೇ ಟೇಪುಗಳನ್ನು ಮಾಡುತ್ತಿದ್ದರು. ಆ ಸಂಖ್ಯೆ ಅವರ ಊರಿನ ಅಂದಿನ ಟೆಲಿಫೋನ್ ಕೋಡ್. ವಾರನ್ ಜಿ ಡಾಕ್ಟರ್ ಡ್ರೆ ಅವರ ಮಲತಮ್ಮ. ಆ ದಾರಿಯಲ್ಲೇ ಟೇಪು ಡ್ರೆ ಅವರ ಕೈ ಸೇರಿತು. ‘ಎನ್.ಡಬ್ಲ್ಯು.ಎ.’ ಎಂಬ ರ‍್ಯಾಪ್ ತಂಡದಿಂದ ಹೊರಬಂದಿದ್ದ ಡ್ರೆ, 1992ರಲ್ಲಿ ಒಂದು ಸಿನಿಮಾ ಹಾಡಿನಲ್ಲಿ ಈ ಹುಡುಗನ ದನಿಯನ್ನು ಮೊದಲು ಕೇಳಿಸಿದರು. ಅದೇ ಡಿಸೆಂಬರ್‌ನಲ್ಲಿ ಬಂದ ತಮ್ಮ ‘ದ ಕ್ರಾನಿಕ್’ ಆಲ್ಬಮ್ಮಿನ ಉದ್ದಕ್ಕೂ ಆ ದನಿಗೆ ಜಾಗ ಕೊಟ್ಟರು. ಹೀಗಾಗಿ ಸ್ವಂತದ್ದೊಂದು ಆಲ್ಬಮ್ ಇಲ್ಲದೆಯೇ ಸ್ನೂಪ್ ತಾರೆಯಾಗಿಬಿಟ್ಟಿದ್ದರು. 1993ರ ನವೆಂಬರ್ 23ರಂದು ‘ಡಾಗಿಸ್ಟೈಲ್’ ಬಂದಾಗ ಅಮೆರಿಕದಲ್ಲಿ ಒಂದೇ ವಾರದಲ್ಲಿ 8 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿ, ಅದು ಅಲ್ಲಿನ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯನ್ನು ನೇರವಾಗಿ ಒಂದನೇ ಸ್ಥಾನದಲ್ಲೇ ಪ್ರವೇಶಿಸಿತು.

ಇಲ್ಲಿ ‘ಪ್ರೊಡ್ಯೂಸರ್’ ಎಂಬ ಮಾತಿನ ಬಗ್ಗೆ ಎಚ್ಚರ ಬೇಕು. ನಮ್ಮ ಸಿನಿಮಾದ ರೂಢಿಯಲ್ಲಿ ಆ ಶಬ್ದ ಕೇಳಿದೊಡನೆ ಹಣ ಹೂಡುವವರು ನೆನಪಾಗುತ್ತಾರೆ. ರ‍್ಯಾಪ್‌ನಲ್ಲಿ ಆ ಕೆಲಸ ಸಂಗೀತ ನಿರ್ದೇಶಕನಿಗೆ ಹತ್ತಿರವಾದದ್ದು: ತಾಳ ಕೂಡಿಸುವುದು, ಹಳೆಯ ಹಾಡಿನ ತುಣುಕನ್ನು ಆರಿಸುವುದು, ವಾದ್ಯದವರಿಂದ ನುಡಿಸುವುದು, ಸಾಲುಗಳನ್ನು ಹತ್ತು ಸಲ ಹೇಳಿಸಿ ಒಂದನ್ನು ಉಳಿಸಿಕೊಳ್ಳುವುದು, ಕೊನೆಗೆ ಎಲ್ಲ ದನಿಗಳ ಮಟ್ಟವನ್ನು ಹೊಂದಿಸಿ ಮಿಕ್ಸ್ ಮಾಡುವುದು. ‘ಡಾಗಿಸ್ಟೈಲ್’ನ ಪ್ರೊಡ್ಯೂಸರ್ ಸ್ಥಾನದಲ್ಲಿ ಡ್ರೆ ಹೆಸರಿತ್ತು. ಎಪ್ಪತ್ತರ ದಶಕದ ಫಂಕ್ ಸಂಗೀತದ ದಪ್ಪ ಬೇಸ್, ಅದರ ಮೇಲೆ ಸೀಟಿಯಂತೆ ತೆಳ್ಳಗೆ ಏರುವ ಸಿಂಥಸೈಜರ್, ನಿಧಾನದ ಲಯ: ‘ಜಿ-ಫಂಕ್’ ಎಂದು ಹೆಸರಾದ ಈ ಶೈಲಿ ಸ್ನೂಪ್ ಅವರ ಅವಸರವಿಲ್ಲದ, ಎಳೆದಾಡುವ ಮಾತಿನ ಧಾಟಿಗೆ ಹೇಳಿ ಮಾಡಿಸಿದಂತಿತ್ತು. ಬೆದರಿಕೆಯ ಮಾತನ್ನೂ ಲಾಲಿಯ ಹಾಗೆ ಹೇಳಬಲ್ಲ ದನಿ ಅದು.

ಆ ದನಿ ಹೇಳುತ್ತಿದ್ದ ಕಥೆಗಳೇ ಅದಕ್ಕೆ ಮುಳುವಾದವು. ಆಲ್ಬಮ್ ಬರುವುದಕ್ಕೆ ಮೂರು ತಿಂಗಳ ಮುಂಚೆ, 1993ರ ಆಗಸ್ಟ್ 25ರಂದು, ಸ್ನೂಪ್ ಓಡಿಸುತ್ತಿದ್ದ ಜೀಪಿನಲ್ಲಿದ್ದ ಅವರ ಅಂಗರಕ್ಷಕ ಹಾರಿಸಿದ ಗುಂಡಿಗೆ ಲಾಸ್ ಏಂಜಲೀಸ್‌ನಲ್ಲಿ 20 ವರ್ಷದ ಯುವಕನೊಬ್ಬ ಸತ್ತ. ಸ್ನೂಪ್ ಮೇಲೂ ಕೊಲೆಯ ಆರೋಪ ದಾಖಲಾಯಿತು. ಆತ್ಮರಕ್ಷಣೆಗಾಗಿ ಗುಂಡು ಹಾರಿಸಬೇಕಾಯಿತು ಎಂಬುದು ಪ್ರತಿವಾದಿಗಳ ವಾದ. ವಿಚಿತ್ರವೆಂದರೆ ಕೊಲೆ ಆರೋಪವನ್ನೇ ಹೆಸರಿನಲ್ಲಿ ಹೊತ್ತ ಹಾಡೊಂದು ‘ಡಾಗಿಸ್ಟೈಲ್’ನಲ್ಲಿತ್ತು. ಮೊಕದ್ದಮೆ ತಲೆಯ ಮೇಲಿದ್ದ 1994ರಲ್ಲೇ ಡೆತ್ ರೋ ಅದನ್ನು ಕಿರುಚಿತ್ರವಾಗಿಯೂ ಅದರ ಜೊತೆಗಿನ ಆಲ್ಬಮ್ಮಾಗಿಯೂ ಮಾರುಕಟ್ಟೆಗೆ ತಂದಿತು. ಹಾಡಿನ ಸ್ನೂಪ್ ಯಾರು, ಕಟಕಟೆಯ ಸ್ನೂಪ್ ಯಾರು ಎಂಬ ಗೆರೆಯನ್ನು ಅಳಿಸಿದ್ದು ಬರೀ ಪತ್ರಿಕೆಗಳಲ್ಲ. ಕಂಪನಿಯೂ ಅದರಲ್ಲಿ ಲಾಭ ಕಂಡಿತು.

ಇದೇ ಹೊತ್ತಿನಲ್ಲಿ ವಾಷಿಂಗ್ಟನ್‌ನಲ್ಲಿ ಗ್ಯಾಂಗ್‌ಸ್ಟಾ ರ‍್ಯಾಪ್ ವಿರುದ್ಧದ ದನಿ ಜೋರಾಗಿತ್ತು. 1994ರ ಫೆಬ್ರವರಿಯಲ್ಲಿ ಸೆನೆಟ್ ಸಮಿತಿಯೊಂದು ಈ ಹಾಡುಗಳ ಸಾಹಿತ್ಯದ ಕುರಿತು ವಿಚಾರಣೆ ನಡೆಸಿತು. ನಾಗರಿಕ ಹಕ್ಕುಗಳ ಚಳವಳಿಯಿಂದ ಬಂದ ಸಿ. ಡಿಲೋರಿಸ್ ಟಕರ್, ಕಪ್ಪು ಸಮುದಾಯದ ಹೆಣ್ಣುಮಕ್ಕಳನ್ನು ಈ ಹಾಡುಗಳು ಅವಮಾನಿಸುತ್ತವೆ ಎಂದು ಬಹಿರಂಗವಾಗಿ ಹೋರಾಡಿದರು. ಡೆತ್ ರೋ ಆಲ್ಬಮ್‌ಗಳನ್ನು ಹಂಚುತ್ತಿದ್ದ ಇಂಟರ್‌ಸ್ಕೋಪ್ ಕಂಪನಿಯಲ್ಲಿದ್ದ ತನ್ನ ಪಾಲನ್ನು ಟೈಮ್ ವಾರ್ನರ್ ಸಂಸ್ಥೆ 1995ರಲ್ಲಿ ಮಾರಿ ಕೈತೊಳೆದುಕೊಂಡಿತು. ಟಕರ್ ಅವರ ಆಕ್ಷೇಪದಲ್ಲಿ ಹುರುಳಿರಲಿಲ್ಲ ಎಂದು ‘ಡಾಗಿಸ್ಟೈಲ್’ ಮೆಚ್ಚಿದವರೂ ಹೇಳಲಾರರು. ಹೆಣ್ಣಿನ ಬಗ್ಗೆ ಆ ಆಲ್ಬಮ್ ಆಡುವ ಮಾತುಗಳು ಇಂದಿಗೂ ಕಿವಿಗೆ ಚುಚ್ಚುತ್ತವೆ.

1996ರ ಫೆಬ್ರವರಿ 20ರಂದು ಜ್ಯೂರಿ ಸ್ನೂಪ್ ಮತ್ತು ಅವರ ಅಂಗರಕ್ಷಕನನ್ನು ಕೊಲೆಯ ಆರೋಪದಿಂದ ಮುಕ್ತಗೊಳಿಸಿತು. ಕೊಲೆಗಿಂತ ಕಡಿಮೆ ಗಂಭೀರವಾದ ನರಹತ್ಯೆಯ ಆರೋಪದ ಮೇಲೆ ಜ್ಯೂರಿಗೆ ಒಮ್ಮತ ಸಿಗಲಿಲ್ಲ, ಸರ್ಕಾರ ಅದನ್ನು ಮತ್ತೆ ವಿಚಾರಣೆಗೆ ತರಲೂ ಇಲ್ಲ. ಎರಡೂವರೆ ವರ್ಷ ಕತ್ತಿಯ ಕೆಳಗೆ ಬದುಕಿದ ಮನುಷ್ಯ, ಆ ನಡುವೆ ತಂದೆಯೂ ಆಗಿದ್ದವರು, ಹೊರಬಂದು ನೋಡುವಷ್ಟರಲ್ಲಿ ಅವರ ಸುತ್ತಲಿನ ಮನೆ ಕುಸಿಯತೊಡಗಿತ್ತು. ತೀರ್ಪಿನ ಬೆನ್ನಿಗೇ ಡ್ರೆ ಡೆತ್ ರೋ ತೊರೆದರು. ಸೆಪ್ಟೆಂಬರ್ 7ರಂದು ಲಾಸ್ ವೇಗಸ್‌ನಲ್ಲಿ ಗುಂಡೇಟು ತಿಂದ ಟುಪಾಕ್ 13ರಂದು ತೀರಿಕೊಂಡರು. ಕಂಪನಿಯ ಮುಖ್ಯಸ್ಥ ಶುಗ್ ನೈಟ್, ಟುಪಾಕ್‌ಗೆ ಗುಂಡು ಬಿದ್ದ ರಾತ್ರಿಯೇ ನಡೆದಿದ್ದ ಹೊಡೆದಾಟವೊಂದರ ಕಾರಣಕ್ಕೆ ಪ್ರೊಬೇಷನ್ (ಜೈಲಿನ ಬದಲು ಸಿಕ್ಕ ಷರತ್ತಿನ ಬಿಡುಗಡೆ) ಷರತ್ತು ಮುರಿದ ಆರೋಪದ ಮೇಲೆ ಅಕ್ಟೋಬರ್‌ನಲ್ಲಿ ಜೈಲು ಸೇರಿದರು. ಆಲ್ಬಮ್ ಬಿಡುಗಡೆಗೆ ಆಗ ಇನ್ನೂ ಕೆಲವೇ ವಾರಗಳಿದ್ದವು.

ಡ್ರೆ ಬಿಟ್ಟ ಜಾಗವನ್ನು ‘ದ ಡಾಗ್‌ಫಾದರ್’ನಲ್ಲಿ ಹಲವರು ಹಂಚಿಕೊಂಡರು. ರ‍್ಯಾಪರ್ ಐಸ್ ಕ್ಯೂಬ್ ಅವರ ಪ್ರಸಿದ್ಧ ಹಾಡುಗಳಿಗೆ ಸಂಗೀತ ಕೊಟ್ಟಿದ್ದ ಡಿಜೆ ಪೂ, ಸ್ನೂಪ್ ಅವರ ದಾಯಾದಿಯೂ ಸಹಗಾಯಕರೂ ಆದ ಡ್ಯಾಜ್, ಸೂಪಫ್ಲೈ, ಎಲ್. ಟಿ. ಹಟನ್ ಮುಂತಾದವರು ಕೆಲಸ ಮಾಡಿದರು. ಆಲ್ಬಮ್ಮು ಒಂದು ಗಂಟೆಯನ್ನು ದಾಟಿ ಹರಡಿಕೊಂಡಿತು. ಗ್ಯಾಪ್ ಬ್ಯಾಂಡ್ ತಂಡದ 1979ರ ಹಾಡೊಂದನ್ನು ಎತ್ತಿಕೊಂಡು, ಅದೇ ತಂಡದ ಗಾಯಕ ಚಾರ್ಲಿ ವಿಲ್ಸನ್ ಅವರಿಂದಲೇ ಹಾಡಿಸಿ, ಕುಣಿತಕ್ಕೆ ಹೊಂದುವ ಹಾಡೊಂದನ್ನು ಮೊದಲ ಸಿಂಗಲ್ (ಬಿಡಿ ಹಾಡು) ಆಗಿ ಬಿಟ್ಟರು. ಬಿಜ್ ಮಾರ್ಕಿಯವರ 1988ರ ‘ವೇಪರ್ಸ್’ ಹಾಡನ್ನು, ಅಂದರೆ ಹಿಂದೆ ಮೂಸಿಯೂ ನೋಡದವರು ಹೆಸರು ಬಂದ ಮೇಲೆ ಹತ್ತಿರ ಸುಳಿಯುವ ಕಥೆಯನ್ನು, ಸ್ನೂಪ್ ತಮ್ಮದಾಗಿಸಿಕೊಂಡು ಮತ್ತೆ ಹೇಳಿದರು. ಮೊದಲ ಆಲ್ಬಮ್ಮಿನಲ್ಲೂ ಅವರು ಸ್ಲಿಕ್ ರಿಕ್ ಅವರ ಹಳೆಯ ಹಾಡೊಂದನ್ನು ಹೀಗೇ ಮರುಹಾಡಿದ್ದರು; ಆಗ ಅದು ಎಂಬತ್ತರ ದಶಕದ ಗುರುವಿಗೆ ಸಲ್ಲಿಸಿದ ಗೌರವವೆಂದು ಒಪ್ಪಿತವಾಗಿತ್ತು. ಎರಡನೆಯ ಬಾರಿಯ ಮರುಹಾಡಿಕೆ ಕೇಳುಗರಿಗೆ ಅಷ್ಟಾಗಿ ಹತ್ತಲಿಲ್ಲ.

ಸಾಹಿತ್ಯದಲ್ಲಿಯೂ ಬದಲಾವಣೆ ಎದ್ದು ಕಾಣುತ್ತಿತ್ತು. ಬಂದೂಕು ಪೂರ್ತಿ ಮಾಯವಾಗಲಿಲ್ಲವಾದರೂ ಹಿಂದಕ್ಕೆ ಸರಿಯಿತು; ಗೆಳೆಯರು, ಪಾರ್ಟಿ, ತನ್ನ ಹೆಸರಿನ ಹೆಗ್ಗಳಿಕೆ ಮುಂದೆ ಬಂದವು. ಮೊಕದ್ದಮೆಯ ನಂತರ ಕೊಲೆಯ ಕಥೆಗಳನ್ನು ಹಾಡುವ ಮನಸ್ಸು ಸ್ನೂಪ್ ಅವರಿಗೆ ಇರಲಿಲ್ಲ.

ಮೊದಲ ವಾರ ಸುಮಾರು 4.79 ಲಕ್ಷ ಪ್ರತಿಗಳು ಹೋದವು, ಆಲ್ಬಮ್ ಮತ್ತೆ ನೇರವಾಗಿ ಒಂದನೇ ಸ್ಥಾನಕ್ಕೇ ಏರಿತು. ಬೇರೆ ಯಾರಿಗಾದರೂ ಇದು ಹಬ್ಬ. ಆದರೆ ಹಿಂದಿನದರ ಜೊತೆಗಿಟ್ಟರೆ ಇದು ಹೆಚ್ಚುಕಡಿಮೆ ಅರ್ಧಕ್ಕಿಳಿದ ಅಂಕಿ. ‘ಡಾಗಿಸ್ಟೈಲ್’ ನಾಲ್ಕು ಪಟ್ಟು ಪ್ಲಾಟಿನಮ್ (ಒಂದು ಪ್ಲಾಟಿನಮ್ ಎಂದರೆ ಹತ್ತು ಲಕ್ಷ ಪ್ರತಿ) ಪಡೆದರೆ ಇದು ಎರಡು ಪಟ್ಟಿಗೆ ನಿಂತಿತು. ಅಭಿಪ್ರಾಯಗಳೂ ಒಡೆದವು. ಡ್ರೆ ಇಲ್ಲದ ಸ್ನೂಪ್ ಅರ್ಧ ಸ್ನೂಪ್ ಎಂದವರು ಒಂದು ಕಡೆ. ದನಿ, ಪ್ರಾಸದ ಹೊಂದಾಣಿಕೆ, ಹಾಸ್ಯ ಒಂದೂ ಮುಕ್ಕಾಗಿಲ್ಲ, ಹಳೆಯ ಫಂಕಿನ ಸುಖ ಇಲ್ಲೂ ಇದೆ ಎಂದವರು ಇನ್ನೊಂದು ಕಡೆ. ಹಿಂಸೆ ಕಡಿಮೆಯಾದದ್ದನ್ನು ಪ್ರೌಢತೆ ಎಂದು ಕೆಲವರು ಮೆಚ್ಚಿದರೆ, ಅದೇ ಕಾರಣಕ್ಕೆ ಆಲ್ಬಮ್ಮಿಗೆ ಮೊನಚಿಲ್ಲ ಎಂದು ಕೆಲವರು ಬದಿಗಿಟ್ಟರು.

ಮೊದಲ ದೂರು ಅರ್ಧ ಮಾತ್ರ ನಿಜ ಎಂಬುದು ನನ್ನ ಅನಿಸಿಕೆ. ಡ್ಯಾಜ್ ಹೊರಗಿನಿಂದ ಬಂದವರಲ್ಲ. ‘ಡಾಗಿಸ್ಟೈಲ್’ ಆದ ಸ್ಟುಡಿಯೋದಲ್ಲೇ ಇದ್ದವರು, ಅದರ ಸಂಗೀತದಲ್ಲಿ ತಮ್ಮ ಪಾಲು ಹೆಸರಿನ ಪಟ್ಟಿ ತೋರಿಸುವುದಕ್ಕಿಂತ ದೊಡ್ಡದು ಎಂದು ಮುಂದೆ ಹೇಳಿಕೊಂಡವರು. 1995ರಲ್ಲಿ ಅವರೂ ರ‍್ಯಾಪರ್ ಕರಪ್ಟ್ ಅವರೂ ಸೇರಿ ‘ಡಾಗ್ ಪೌಂಡ್’ ಹೆಸರಿನಲ್ಲಿ ತಂದ ‘ಡಾಗ್ ಫುಡ್’ ಆಲ್ಬಮ್ಮಿನ ಬೀಟ್‌ಗಳು, ಅಂದರೆ ಮಾತಿನ ಹಿಂದಿನ ತಾಳ-ಸಂಗೀತ, ಬಹುಪಾಲು ಡ್ಯಾಜ್ ಅವರವೇ. ಅದೂ ಪಟ್ಟಿಯ ತುದಿಗೇರಿತು. ಆದರೆ ಅದನ್ನು ಮಿಕ್ಸ್ ಮಾಡಿದವರು ಡ್ರೆ. ವ್ಯತ್ಯಾಸ ಇರುವುದು ಇಲ್ಲಿಯೇ. ಡ್ರೆ ಹೋದಾಗ ಡೆತ್ ರೋದಿಂದ ಹೋದದ್ದು ಬೀಟ್ ಅಲ್ಲ, ಹದ. ಸಾಮಾನು ಅದೇ, ಒಲೆ ಅದೇ, ಕೈ ಬೇರೆ. ಬೇಡವಾದದ್ದನ್ನು ಬಿಸಾಡುವ ನಿಷ್ಠುರ ಕೈ ಇಲ್ಲದ್ದರಿಂದಲೇ ‘ದ ಡಾಗ್‌ಫಾದರ್’ ಅಷ್ಟು ಉದ್ದವಾಯಿತು. ಅದರ ಒಳ್ಳೆಯ ಎಂಟು ಹತ್ತು ಹಾಡುಗಳನ್ನು ಮಾತ್ರ ಉಳಿಸಿಕೊಂಡಿದ್ದರೆ ಇಷ್ಟು ವಾದ ಎದ್ದಿರುತ್ತಿತ್ತೇ ಎಂಬ ಅನುಮಾನ ನನಗಿದೆ.

ಕಾಲವೂ ಅನುಕೂಲವಾಗಿರಲಿಲ್ಲ. 1993ರಲ್ಲಿ ಹೊಸದಾಗಿದ್ದ ಜಿ-ಫಂಕನ್ನು ಮೂರು ವರ್ಷಗಳಲ್ಲಿ ಪಶ್ಚಿಮ ಕರಾವಳಿಯ ಎಷ್ಟೋ ತಂಡಗಳು ಅರೆದು ಸವೆಸಿದ್ದವು. ಅತ್ತ 1996ರಲ್ಲೇ ನ್ಯೂಯಾರ್ಕ್‌ನಿಂದ ಜೇ-ಝೀ ಅವರ ಮೊದಲ ಆಲ್ಬಮ್, ಅಟ್ಲಾಂಟಾದಿಂದ ಔಟ್‌ಕ್ಯಾಸ್ಟ್ ತಂಡದ ಎರಡನೆಯ ಆಲ್ಬಮ್ ಬಂದು, ಕೇಳುಗರ ಕಿವಿ ಬೇರೆ ದಿಕ್ಕಿಗೆ ತಿರುಗುತ್ತಿತ್ತು. ಟುಪಾಕ್ ಸತ್ತ ಎರಡೇ ತಿಂಗಳಿಗೆ, ಅವರ ಕೊನೆಯ ಸಿಟ್ಟು ತುಂಬಿದ್ದ ಆಲ್ಬಮ್ ಬಂದ ಮರುವಾರವೇ, ಅದೇ ಕಂಪನಿಯ ಮುದ್ರೆ ಹೊತ್ತು ಪಾರ್ಟಿಯ ಹಾಡುಗಳು ಬಂದದ್ದು ಅನೇಕರಿಗೆ ಸೂತಕದ ಮನೆಯಲ್ಲಿ ವಾದ್ಯ ಊದಿದಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ತಪ್ಪೆಲ್ಲ ಶಿಷ್ಯನದೇ ಎನ್ನುವವರು ಗುರುವಿನ ಅದೇ ತಿಂಗಳ ಆಲ್ಬಮ್ಮನ್ನು ಮರೆಯುತ್ತಾರೆ. ಆಫ್ಟರ್‌ಮ್ಯಾತ್ ಸಂಕಲನದಲ್ಲಿ ಡ್ರೆ ಕೂಡ ಸ್ನೂಪ್ ಅವರಂತೆಯೇ ಬಂದೂಕಿನ ಕಥೆಗಳಿಂದ ದೂರ ಸರಿದಿದ್ದರು. ಅದರ ಮುಖ್ಯ ಹಾಡಿನಲ್ಲಿ ಅವರು ಗ್ಯಾಂಗ್‌ಸ್ಟಾ ಬದುಕನ್ನು ತಾನು ಕಂಡು ಮುಗಿಸಿದ್ದಾಗಿದೆ ಎಂದು ಹೇಳಿ, ಸೂಟು ತೊಟ್ಟು, ವಿಡಿಯೋದಲ್ಲಿ ಟ್ಯಾಂಗೋ ಕುಣಿದರು. ಅದಕ್ಕೂ ಸಿಕ್ಕದ್ದು ತಣ್ಣನೆಯ ಸ್ವಾಗತವೇ. ಅಂದರೆ ಡ್ರೆ ಅವರ ಹದವಿದ್ದರೂ ಬಂದೂಕು ಕೆಳಗಿಟ್ಟ ಡ್ರೆಯನ್ನು ಜನ ಬೇಗ ಒಪ್ಪಲಿಲ್ಲ. ಇದನ್ನು ಗಮನಿಸಿದರೆ ‘ದ ಡಾಗ್‌ಫಾದರ್’ಗೆ ಬಿದ್ದ ಏಟಿನಲ್ಲಿ ಸಂಗೀತದ ಪಾಲೆಷ್ಟು, ವೇಷ ಕಳಚಿದ್ದರ ಪಾಲೆಷ್ಟು ಎಂಬುದನ್ನು ಮತ್ತೆ ತೂಗಿ ನೋಡಬೇಕಾಗುತ್ತದೆ. ನಿಜವಾದ ಕಟಕಟೆಯಿಂದ ಆಗತಾನೆ ಇಳಿದುಬಂದವರಿಂದ ಮತ್ತೆ ಕೊಲೆಯ ಹಾಡನ್ನೇ ಬಯಸಿದ ಕೇಳುಗರ ಬಗ್ಗೆ ಅಂದಿನ ವಿಮರ್ಶೆಯಲ್ಲಿ ಹೆಚ್ಚು ಮಾತು ಬರಲಿಲ್ಲ.

ಮುಂದಿನದನ್ನು ಚುಟುಕಾಗಿ ಹೇಳಬಹುದು. 1998ರಲ್ಲಿ ಸ್ನೂಪ್ ಡೆತ್ ರೋ ಬಿಟ್ಟು, ನ್ಯೂ ಆರ್ಲಿಯನ್ಸ್‌ನ ಮಾಸ್ಟರ್ ಪಿ ನಡೆಸುತ್ತಿದ್ದ ನೋ ಲಿಮಿಟ್ ಕಂಪನಿ ಸೇರಿದರು. ಹೆಸರಿನ ನಡುವಿದ್ದ ‘ಡಾಗಿ’ಯನ್ನೂ ಕೈಬಿಟ್ಟರು. 1999ರಲ್ಲಿ ಅವರೂ ಡ್ರೆ ಅವರೂ ಮತ್ತೆ ಒಂದಾದಾಗ, ಡ್ರೆ ತಾನು ಇನ್ನೂ ಹಳೆಯ ಡ್ರೆಯೇ ಎಂದು ಸಾರುವ ಹಾಡಿನೊಂದಿಗೆ ಮರಳಿದರು, ಜನ ಎರಡೂ ಕೈಯಿಂದ ಅಪ್ಪಿಕೊಂಡರು. ಕನ್ನಡದ ಬಹಳಷ್ಟು ಕೇಳುಗರಿಗೆ ಸ್ನೂಪ್ ಸಿಕ್ಕಿದ್ದು ಬಹುಶಃ ಇನ್ನೂ ತಡವಾಗಿ, 2008ರ ಹಿಂದಿ ಚಿತ್ರ ‘ಸಿಂಗ್ ಈಸ್ ಕಿಂಗ್’ನ ಹಾಡಿನಲ್ಲಿ ಅಕ್ಷಯ್ ಕುಮಾರ್ ಜೊತೆ ಪೇಟ ಸುತ್ತಿ ನಿಂತ ತಮಾಷೆಯ ಮನುಷ್ಯನಾಗಿ. ಆ ಸೌಮ್ಯ, ನಗುಮುಖದ ಸ್ನೂಪ್‌ನ ಮೊದಲ ಕರಡು 1996ರ ಆಲ್ಬಮ್ಮಿನಲ್ಲೇ ಇದೆ.

2022ರ ಫೆಬ್ರವರಿಯಲ್ಲಿ ಸ್ನೂಪ್ ಡೆತ್ ರೋ ಹೆಸರನ್ನೇ ಕೊಂಡುಕೊಂಡರು. 2024ರ ಡಿಸೆಂಬರ್ 13ರಂದು ಡೆತ್ ರೋ ಮತ್ತು ಆಫ್ಟರ್‌ಮ್ಯಾತ್ ಎರಡರ ಮುದ್ರೆಯನ್ನೂ ಹೊತ್ತ ‘ಮಿಷನರಿ’ ಬಿಡುಗಡೆಯಾಯಿತು. ‘ಡಾಗಿಸ್ಟೈಲ್’ ಬಂದ ಮೂವತ್ತೊಂದು ವರ್ಷಗಳ ಬಳಿಕ ಸ್ನೂಪ್ ಅವರ ಇಡೀ ಆಲ್ಬಮ್ಮೊಂದರ ಮೇಲೆ ಡ್ರೆ ಕೈಯಿತ್ತು. ಈ ಬಾರಿಯೂ ವಿಮರ್ಶಕರು ಎರಡು ಹೋಳಾದರು.