ಊರಿಲ್ಲ, ರಸ್ತೆಯಿಲ್ಲ, ಆದರೂ ಎಡಕುಮೇರಿಯಲ್ಲಿ ಸ್ಟೇಷನ್ ಯಾಕೆ?

ಸೋಮವಾರಪೇಟೆಯ ಓದುಗರೊಬ್ಬರ ಪ್ರಶ್ನೆ ಇದು. ನಮ್ಮ ಕೊಡಗಿಗೆ ರೈಲಿಲ್ಲ. ಪುಷ್ಪಗಿರಿಯ ಆಚೆ ಕಾಡಿನ ನಡುವೆ, ಯಾರೂ ಹತ್ತದ ಇಳಿಯದ ಜಾಗದಲ್ಲಿ ಮಾತ್ರ ಸ್ಟೇಷನ್ ಇದೆ. ಯಾರಿಗೋಸ್ಕರ ಕಟ್ಟಿದರು?

ಪ್ರಯಾಣಿಕರಿಗೋಸ್ಕರ ಅಲ್ಲ, ರೈಲಿಗೋಸ್ಕರ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಸುಮಾರು 55 ಕಿ.ಮೀ. ಇರುವುದು ಒಂದೇ ಹಳಿ. ಮೇಲಿಂದ ಒಂದು ಗಾಡಿ, ಕೆಳಗಿಂದ ಒಂದು ಗಾಡಿ ಬಂದರೆ ಒಂದು ಪಕ್ಕಕ್ಕೆ ನಿಲ್ಲಲೇಬೇಕು ಅಲ್ವಾ? ಅದಕ್ಕೇ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಅಂತ ನಡುನಡುವೆ ಸ್ಟೇಷನ್ ಇಟ್ಟರು. ಕ್ರಾಸಿಂಗ್ ಅಲ್ಲೇ. 50 ಮೀಟರ್ ಮುಂದೆ ಹೋದರೆ 1 ಮೀಟರ್ ಏರುವ ದಾರಿ ಇದು. ಹತ್ತುವ ಭಾರದ ಗಾಡಿಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಬೇಕು. ಇಳಿಯುವ ಗಾಡಿಗೆ ಬ್ರೇಕೇ ಜೀವ.

ಎಡಕುಮೇರಿ ಅಂದರೆ ನನಗೆ ಮೊದಲು ನೆನಪಾಗುವುದು ಕುಮೇರಿ, ಅಂದರೆ ಕಾಡು ಕಡಿದು, ಸುಟ್ಟು ಮಾಡುತ್ತಿದ್ದ ಹಳೇ ಬೇಸಾಯ. ಹಳಿ ಬಂದಿದ್ದು ಆಮೇಲೆ. ಮಂಗಳೂರು ಬಂದರಿಗೆ ಒಳನಾಡಿನ ಸರಕು ಮುಟ್ಟಿಸಲು 1960ರ ದಶಕದಲ್ಲಿ ಕೆಲಸ ಶುರುವಾಯಿತು. 50ಕ್ಕೂ ಜಾಸ್ತಿ ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ ಹಳಿಯ ಗಾಡಿ ಓಡಿದ್ದು 1979ರಲ್ಲಿ. 1996ರಲ್ಲಿ ಅಗಲ ಹಳಿ (ಬ್ರಾಡ್ ಗೇಜ್) ಹಾಕಲೆಂದು ಮುಚ್ಚಿ, ಮತ್ತೆ ಗೂಡ್ಸ್ ಬಿಟ್ಟಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಕೊನೆಗೆ. ನಡುವಿನ ಹತ್ತು ವರ್ಷ ಅಲ್ಲಿ ಗಾಡಿಯ ಸದ್ದೇ ಇರಲಿಲ್ಲ.

ಆ ಜಾಗವನ್ನು ನಾನು ಹಗಲು ರೈಲಿನ ಕಿಟಕಿಯಿಂದಲೇ ನೋಡಿದ್ದು. ಪಾಚಿ ಹತ್ತಿದ ಗೋಡೆ, ಹಳದಿ ಬೋರ್ಡು, ನಾಲ್ಕಾರು ಕಟ್ಟಡ, ಹಿಂದೆಯೇ ಕಾಡು. ರೈನ್‌ಕೋಟ್ ಹಾಕಿದ ಗ್ಯಾಂಗ್‌ಮನ್ ಒಬ್ಬರು ಸುತ್ತಿಗೆ ಹೆಗಲಿಗೇರಿಸಿ, ನಮ್ಮ ಗಾಡಿ ದಾಟಲಿ ಅಂತ ಗೋಡೆಗೆ ಒರಗಿ ನಿಂತಿದ್ದರು. ಗಾಡಿ ಹೋದ ಮೇಲೆ ಅವರು ಮತ್ತೆ ಹಳಿ ಹಿಡಿದು ನಡೆಯಬೇಕು, ಎಲ್ಲಿ ಕಲ್ಲು ಜಾರಿದೆ, ಎಲ್ಲಿ ಮಣ್ಣು ಸಡಿಲವಾಗಿದೆ ಅಂತ ನೋಡುತ್ತಾ. ಅಕ್ಕಿ, ತರಕಾರಿ, ಮಾತ್ರೆ ಎಲ್ಲಾ ರೈಲಲ್ಲೇ ಬರಬೇಕು. ಎಡಕುಮೇರಿಯ ಚರಿತ್ರೆ ಅಂದರೆ ನನ್ನ ಲೆಕ್ಕದಲ್ಲಿ ಈ ಜನರ ದುಡಿಮೆಯೇ.

ಆ ಮಳೆ ಎಂಥದ್ದು ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಜರಿದಾಗ ಈ ಘಾಟಿಯಲ್ಲೂ ಸಾಲು ಸಾಲಾಗಿ ಕುಸಿದು ರೈಲು ನಿಂತಿತ್ತು. 2024ರ ಜುಲೈ 26ರಂದು ಎಡಕುಮೇರಿ-ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ರಿಪೇರಿಯ ಸಾಮಾನೂ ಹಳಿಯ ಮೇಲೆಯೇ ಹೋಗಬೇಕು. ಮಳೆಯಲ್ಲೇ ಹಗಲು ರಾತ್ರಿ ದುಡಿದು ಆಗಸ್ಟ್‌ನಲ್ಲಿ ಗಾಡಿ ಬಿಟ್ಟರು.

ಹಳಿ ಮೇಲೆ ಚಾರಣ ಹೋಗಬಹುದಾ ಅಂತಲೂ ಕೇಳಿದ್ದೀರಿ. ಬೇಡ, ಅದಕ್ಕೆ ನಿಷೇಧ ಇದೆ. ಸುರಂಗದಲ್ಲಿ ಗಾಡಿ ಬಂದರೆ ಸರಿಯಲು ಜಾಗ ಸಿಗುವುದಿಲ್ಲ. ಬಿಸಿಲೆ ಘಾಟಿ ಇಳಿದು ನೆಟ್ಟಣಕ್ಕೆ ಬನ್ನಿ, ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಅಲ್ಲೇ ಇದೆ. ಹಗಲಿನ ಗಾಡಿಗೆ ಟಿಕೆಟ್ ತಗೊಳ್ಳಿ.