ಘಾನಾದ ಸೆಂಟ್ರಲ್ ರೀಜನ್: ಕಾಡಿನಿಂದ ಕಡಲಿಗೆ ಒಂದು ಓದು

ಪಶ್ಚಿಮ ಆಫ್ರಿಕಾದ ಪ್ರವಾಸಿ ತಾಣಗಳ ಪಟ್ಟಿ ಮಾಡುವಾಗ ಘಾನಾದ ಸೆಂಟ್ರಲ್ ರೀಜನ್‌ನಿಂದ ಸಾಮಾನ್ಯವಾಗಿ ಮೂರು ಹೆಸರು ಬರೆದುಕೊಳ್ಳುತ್ತೇವೆ: ಕೇಪ್ ಕೋಸ್ಟ್ ಕೋಟೆ, ಎಲ್ಮಿನಾ ಕೋಟೆ, ಕಾಕುಮ್ ರಾಷ್ಟ್ರೀಯ ಉದ್ಯಾನ. ಬಾಯಿಪಾಠಕ್ಕೆ ಇಷ್ಟು ಸಾಕು. ಆದರೆ ಈ ಮೂರಕ್ಕೂ ಇರುವ ನಂಟು ತಿಳಿಯಬೇಕಾದರೆ ಓದುವ ಕ್ರಮ ಬದಲಾಗಬೇಕು. ಪ್ರವಾಸಿಗರು ಮೊದಲು ಕಡಲ ತೀರಕ್ಕೆ ಹೋಗಿ, ಆಮೇಲೆ ಕಾಡಿನ ಕಡೆ ತಿರುಗುತ್ತಾರೆ. ನಾವು ಉತ್ತರದ ಒಳನಾಡಿನಿಂದ ಹೊರಟು ದಕ್ಷಿಣದ ಕಡಲಿಗೆ ಇಳಿಯೋಣ. ಗುಲಾಮರ ವ್ಯಾಪಾರದ ಕಾಲದಲ್ಲಿ ಸೆರೆಯಾಳುಗಳನ್ನು ನಡೆಸಿಕೊಂಡು ಬಂದದ್ದು ಇದೇ ದಿಕ್ಕಿನಲ್ಲಿ.

ಕಾಡು

ಮೊದಲು ಭೂಗೋಳ. ಕೇಪ್ ಕೋಸ್ಟ್ ಪಟ್ಟಣ ರಾಜಧಾನಿ ಅಕ್ರಾದಿಂದ ಪಶ್ಚಿಮಕ್ಕೆ ಸುಮಾರು 150 ಕಿ.ಮೀ. ದೂರದಲ್ಲಿ, ಗಿನಿ ಕೊಲ್ಲಿಯ ದಡದಲ್ಲಿದೆ. ಸಮಭಾಜಕ ವೃತ್ತಕ್ಕೆ ಇಷ್ಟು ಹತ್ತಿರವಿದ್ದರೂ ಇಲ್ಲಿನ ಕರಾವಳಿಯಲ್ಲಿ ಮಳೆ ಕಡಿಮೆ, ಕುರುಚಲು ಗಿಡಗಳೇ ಹೆಚ್ಚು. ಕರಾವಳಿಯೆಂದರೆ ಧಾರಾಕಾರ ಮಳೆ ಎಂದೇ ತಿಳಿದ ನಮಗೆ ಇದು ವಿಚಿತ್ರ ಅನ್ನಿಸಬಹುದು. ಸುಮಾರು 30 ಕಿ.ಮೀ. ಒಳಗೆ ಹೋದರೆ ಮಳೆ ಹೆಚ್ಚಾಗಿ ದಟ್ಟ ಕಾಡು ಶುರುವಾಗುತ್ತದೆ. ಅದೇ ಕಾಕುಮ್.

ಕಾಕುಮ್‌ನ ವಿಸ್ತೀರ್ಣ ಸುಮಾರು 375 ಚದರ ಕಿ.ಮೀ. 1992ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಡಾನೆ, ಬೊಂಗೊ ಎಂಬ ಪಟ್ಟೆಪಟ್ಟೆಯ ದೊಡ್ಡ ಜಿಂಕೆ ಜಾತಿಯ ಪ್ರಾಣಿ, ಡಯಾನಾ ಕೋತಿ ಇಲ್ಲಿನ ಮುಖ್ಯ ಹೆಸರುಗಳು. ಆದರೆ ಆನೆ ಕಾಣುವ ಆಸೆಯಿಂದ ಹೋದವರಿಗೆ ಅದು ಸಿಗುವುದು ಅಪರೂಪ. ಜನ ಬರುವುದು 1995ರಲ್ಲಿ ತೆರೆದ ಮರದ ತುದಿಯ ನಡಿಗೆದಾರಿಗಾಗಿ. ದೊಡ್ಡ ಮರದಿಂದ ಮರಕ್ಕೆ ಕಟ್ಟಿದ ಏಳು ತೂಗುಸೇತುವೆಗಳು, ಒಟ್ಟು ಉದ್ದ ಸುಮಾರು 350 ಮೀಟರ್, ಕೆಲವು ಕಡೆ ನೆಲದಿಂದ 40 ಮೀಟರ್‌ನಷ್ಟು ಎತ್ತರ. ಮಳೆಕಾಡಿನ ಹೂವು, ಹಣ್ಣು, ಹಕ್ಕಿಗಳ ಬದುಕು ಬಹುಪಾಲು ಮರಗಳ ತಲೆಯ ಮೇಲೇ ನಡೆಯುತ್ತದೆ. ಕೆಳಗೆ ನಿಂತವರಿಗೆ ಅದು ಕಾಣುವುದಿಲ್ಲ. ಪರಿಸರ ವಿಜ್ಞಾನ ಓದುವವರಿಗೆ ಈ ದಾರಿ ಮುಖ್ಯವಾಗುವುದು ಇದರಿಂದಲೇ. ಬೆಳಿಗ್ಗೆ ಬೇಗ, ಗುಂಪು ಸೇರುವ ಮುಂಚೆ ಹೋದರೆ ಹಕ್ಕಿಗಳ ದನಿಯಾದರೂ ಸಿಗುತ್ತದೆ.

ನದಿ

ಕಾಕುಮ್‌ನಷ್ಟು ಹೆಸರು ಇಲ್ಲದ, ಆದರೆ ನನ್ನ ಲೆಕ್ಕದಲ್ಲಿ ಎಂದೂ ಬಿಡಬಾರದ ಜಾಗ ಆಸಿನ್ ಮಾನ್ಸೊ. ಕೇಪ್ ಕೋಸ್ಟ್‌ನಿಂದ ಉತ್ತರಕ್ಕೆ ಸುಮಾರು 40 ಕಿ.ಮೀ. ಇಲ್ಲಿ ಗುಲಾಮರ ದೊಡ್ಡ ಸಂತೆ ಇತ್ತು. ಒಳನಾಡಿನಲ್ಲಿ ಯುದ್ಧದಲ್ಲಿ ಸಿಕ್ಕವರನ್ನೂ ಕದ್ದು ತಂದವರನ್ನೂ ಸರಪಳಿ ಹಾಕಿ, ವಾರಗಟ್ಟಲೆ ನಡೆಸಿ ಇಲ್ಲಿಗೆ ತರುತ್ತಿದ್ದರು. ದೊಂಕೊರ್ ನ್ಸುವೊ ಎಂಬ ತೊರೆಯಲ್ಲಿ ಅವರಿಗೆ ಸ್ನಾನ ಮಾಡಿಸಿ, ಗಟ್ಟಿಮುಟ್ಟಾಗಿ ಕಾಣುವಂತೆ ಮಾಡಿ, ಬೆಲೆ ಕಟ್ಟಿ ಕೋಟೆಗಳಿಗೆ ಕಳಿಸುತ್ತಿದ್ದರು. ತಾಯ್ನೆಲದಲ್ಲಿ ಅವರ ಕಡೆಯ ಸ್ನಾನ ಅದು.

1998ರಲ್ಲಿ ಅಮೆರಿಕದಿಂದ ಒಬ್ಬ ಗುಲಾಮನ, ಜಮೈಕಾದಿಂದ ಒಬ್ಬ ಗುಲಾಮ ಹೆಣ್ಣುಮಗಳ ಅಸ್ಥಿಗಳನ್ನು ತಂದು ಈ ತೊರೆಯ ಹತ್ತಿರ ಮಣ್ಣು ಮಾಡಿದರು. ಹೊರಗೆ ಹೋದವರು ಹಿಂದಿರುಗಲಾರದ ಬಾಗಿಲು ಎಂದು ಹೆಸರಾದ ಕೇಪ್ ಕೋಸ್ಟ್ ಕೋಟೆಯ ಬಾಗಿಲಿನ ಮೂಲಕವೇ ಅವನ್ನು ಒಳಗೆ ತರಲಾಯಿತು. ಈ ಒಂದು ಘಟನೆ ಗೊತ್ತಿದ್ದರೆ ಅಮೆರಿಕದ, ಕೆರಿಬಿಯನ್ ದ್ವೀಪಗಳ ಕಪ್ಪು ಜನರು ಇಲ್ಲಿಗೆ ಪ್ರವಾಸಿಗರಾಗಿ ಬರುವುದಕ್ಕಿಂತ ಹೆಚ್ಚಾಗಿ ಯಾತ್ರಿಕರಾಗಿ ಏಕೆ ಬರುತ್ತಾರೆ ಎಂಬುದು ತಿಳಿಯುತ್ತದೆ.

ಕೋಟೆಗಳು

ಘಾನಾದ ಕರಾವಳಿಯ ಕೋಟೆಗಳು 1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಎಲ್ಲಕ್ಕೂ ಹಳೆಯದು ಎಲ್ಮಿನಾ. 1482ರಲ್ಲಿ ದಿಯೊಗೊ ದ ಅಜಂಬುಜ ಎಂಬ ಪೋರ್ಚುಗೀಸ್ ನಾಯಕ ಕೆತ್ತಿ ಸಿದ್ಧಪಡಿಸಿದ ಕಲ್ಲುಗಳನ್ನು ಹಡಗಿನಲ್ಲಿ ತಂದು ಕಟ್ಟಿಸಿದ. ಬಂದದ್ದು ಚಿನ್ನಕ್ಕಾಗಿ. ಸ್ಥಳೀಯ ದೊರೆ ಕ್ವಮಿನಾ ಅನ್ಸಾನಿಗೆ ಇವರು ಇಲ್ಲೇ ಬೇರೂರುವುದು ಇಷ್ಟವಿರಲಿಲ್ಲ. ಊರಿನವರು ಪೂಜಿಸುತ್ತಿದ್ದ ಬಂಡೆಯನ್ನು ಪೋರ್ಚುಗೀಸರು ಒಡೆಯಹೊರಟಾಗ ಜಗಳವೇ ಆಯಿತು, ಕಾಣಿಕೆ ಕೊಟ್ಟು ಸಮಾಧಾನ ಮಾಡಬೇಕಾಯಿತು. ಗುಲಾಮರ ವ್ಯಾಪಾರ ಈ ಕೋಟೆಯ ಮುಖ್ಯ ದಂಧೆಯಾದದ್ದು ಆಮೇಲೆ.

ಕೋಟೆಯ ಎದುರಿಗೆ ಸೇಂಟ್ ಜಾಗೊ ಗುಡ್ಡವಿದೆ. 1637ರಲ್ಲಿ ಡಚ್ಚರು ಆ ಗುಡ್ಡಕ್ಕೆ ತೋಪುಗಳನ್ನು ಏರಿಸಿ, ಮೇಲಿನಿಂದ ಗುಂಡು ಹಾರಿಸಿ ಕೋಟೆಯನ್ನು ಗೆದ್ದರು. ತಾವು ಗೆದ್ದ ಉಪಾಯದಿಂದಲೇ ನಾಳೆ ಬೇರೆಯವರು ತಮ್ಮನ್ನು ಗೆಲ್ಲಬಾರದೆಂದು ಅದೇ ಗುಡ್ಡದ ಮೇಲೆ ಇನ್ನೊಂದು ಕೋಟೆ ಕಟ್ಟಿದರು. ಎರಡನ್ನೂ ಹತ್ತಿ ನೋಡಿದರೆ ಈ ಮಾತು ಕಣ್ಣಿಗೇ ಕಾಣುತ್ತದೆ. ಎಲ್ಮಿನಾ 1872ರಲ್ಲಿ ಬ್ರಿಟಿಷರ ಕೈಗೆ ಬಂತು. ಅದಕ್ಕೆ ಒಪ್ಪದ ಊರಿನವರ ಮೇಲೆ ಮರುವರ್ಷ ತೋಪು ಹಾರಿಸಿ, ಕೋಟೆಯ ಪಕ್ಕದ ಹಳೆ ಪಟ್ಟಣವನ್ನೇ ನೆಲಸಮ ಮಾಡಿದರು. ಇಂದು ಕೋಟೆಯ ಪಕ್ಕದಲ್ಲಿ ಬಯಲು ಕಂಡರೆ ಅದು ಮೊದಲಿನಿಂದ ಇದ್ದ ಬಯಲು ಎಂದುಕೊಳ್ಳಬೇಡಿ.

ಕೇಪ್ ಕೋಸ್ಟ್ ಕೋಟೆಯ ಚರಿತ್ರೆ 1653ರಲ್ಲಿ ಸ್ವೀಡನ್ನಿನವರಿಂದ ಆರಂಭ. ಹಲವು ಕೈ ಬದಲಾಗಿ 1660ರ ದಶಕದಲ್ಲಿ ಇಂಗ್ಲಿಷರಿಗೆ ದಕ್ಕಿತು. 1877ರಲ್ಲಿ ಅಕ್ರಾಗೆ ಹೋಗುವವರೆಗೆ ಗೋಲ್ಡ್ ಕೋಸ್ಟ್ (ಇಂದಿನ ಘಾನಾ) ಎಂಬ ಬ್ರಿಟಿಷ್ ವಸಾಹತಿನ ಆಡಳಿತ ಇಲ್ಲಿಂದಲೇ ನಡೆಯಿತು. ಇಲ್ಲಿ ಎರಡು ಸಂಗತಿ ಗಮನಿಸಿ. ಸಾಲಾಗಿ ನಿಂತ ತೋಪುಗಳ ಬಾಯಿ ಕಡಲ ಕಡೆಗಿದೆ: ಹೆಚ್ಚಿನ ಹೆದರಿಕೆ ಇದ್ದದ್ದು ಹಡಗಿನಲ್ಲಿ ಬರುವ ಬೇರೆ ಯುರೋಪಿಯನ್ನರದು. ಒಳನಾಡಿನ ದೊರೆಗಳೊಂದಿಗೆ ಅವರದು ಬಾಡಿಗೆ, ಕಾಣಿಕೆ, ವ್ಯಾಪಾರದ ಸಂಬಂಧ. ಎರಡನೆಯದು, ಗಂಡಸರನ್ನು ಕೂಡಿಹಾಕಿದ ಗಾಳಿಬೆಳಕಿಲ್ಲದ ನೆಲಮಾಳಿಗೆಯ ಮೇಲೆಯೇ ಪ್ರಾರ್ಥನೆಯ ಕೋಣೆ ಇತ್ತು. ಕೆಳಗಿನವರ ಗೋಳು ಮೇಲಿನವರಿಗೆ ಗೊತ್ತಿರಲಿಲ್ಲ ಎನ್ನಲು ಆ ಕಟ್ಟಡ ಬಿಡುವುದಿಲ್ಲ. ಅದನ್ನು ಬರೆಯುವಾಗ ಸಂಕಟವಾಗುತ್ತದೆ, ಆದರೆ ಈ ಪಾಠದಲ್ಲಿ ಹಾರಿಸಿ ಓದಬಾರದ ಭಾಗ ಇದೇ.

ಭಾರತಕ್ಕೂ ಇಲ್ಲಿ ಒಂದು ಎಳೆಯಿದೆ. ಕೋಟೆಗಳಲ್ಲಿ ಮನುಷ್ಯರನ್ನು ಕೊಳ್ಳಲು ಯುರೋಪಿನ ವ್ಯಾಪಾರಿಗಳು ಕೊಟ್ಟ ಸರಕಿನಲ್ಲಿ ಬಂದೂಕು, ಮದ್ಯ, ಲೋಹಗಳ ಜೊತೆಗೆ ಕೋರಮಂಡಲ, ಗುಜರಾತಿನ ಹತ್ತಿ ಬಟ್ಟೆಯೂ ಸೇರಿತ್ತು. ನಮ್ಮ ನೇಕಾರರಿಗೆ ತಮ್ಮ ಬಟ್ಟೆ ಎಲ್ಲಿಗೆ ಹೋಗುತ್ತದೆಂದು ತಿಳಿದಿರಲಾರದು.

ಯಾವಾಗ ಹೋಗಬೇಕು

ಮೇ–ಜುಲೈ ದೊಡ್ಡ ಮಳೆಗಾಲ, ಕಾಡಿನ ದಾರಿ ಜಾರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಒಣಗಾಲ. ಸಹಾರಾದ ಧೂಳಿನ ಗಾಳಿ ಬೀಸಿದರೆ ಆಕಾಶ ಮಬ್ಬಾಗುತ್ತದೆ. ಜನಜೀವನ ನೋಡಬೇಕೆಂದರೆ ಸೆಪ್ಟೆಂಬರ್ ಮೊದಲ ಶನಿವಾರ ಕೇಪ್ ಕೋಸ್ಟ್‌ನಲ್ಲಿ ಫೆಟು ಅಫಾಹ್ಯೆ ಹಬ್ಬ. ಅಸಾಫೊ ಎಂಬ ಊರಪಡೆಗಳು ತಮ್ಮ ತಮ್ಮ ಬಣ್ಣಗಳಲ್ಲಿ ಮೆರವಣಿಗೆ ಹೊರಡುತ್ತವೆ. ಜುಲೈ ಮೊದಲ ಮಂಗಳವಾರ ಎಲ್ಮಿನಾದಲ್ಲಿ ಬಕಾಟುವೆ: ಬೆನ್ಯಾ ಹಿನ್ನೀರಿಗೆ ವಿಧಿಪೂರ್ವಕವಾಗಿ ಬಲೆ ಬೀಸಿ ಹೊಸ ಮೀನುಗಾರಿಕೆ ಆರಂಭಿಸುತ್ತಾರೆ. ಉಳಿದ ದಿನಗಳಲ್ಲಿ ಬಣ್ಣ ಬಳಿದ ದೋಣಿಗಳು ತುಂಬಿದ ಎಲ್ಮಿನಾದ ಮೀನು ಬಂದರು ಕೋಟೆಯ ಪಕ್ಕದಲ್ಲೇ ಸಿಗುತ್ತದೆ. ಅಲ್ಲಿ ಬಾಳೆ ಜಾತಿಯ ಎಲೆಯಲ್ಲಿ ಸುತ್ತಿ ಬೇಯಿಸಿದ ಫಾಂಟೆ ಕೆಂಕೆ, ಅಂದರೆ ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಹುರಿದ ಮೀನಿನ ಜೊತೆ ತಿನ್ನಿ.